ಸಹಾಯ ಬೇಕು: ಆರೋಗ್ಯ ಕರ್ನಾಟಕದಲ್ಲಿ ನಮ್ಮ ಪಾಲಿನ ಮೊತ್ತ ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ?

ನಮಸ್ಕಾರ. ಅಮ್ಮನಿಗೆ ಸ್ತನ ಕ್ಯಾನ್ಸರ್. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಪಡೆದು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾಲ್ಕು ಸುತ್ತು ಕೀಮೋ ಮುಗಿಸಿದ್ದೇವೆ. ನಮ್ಮದು ಬಿಪಿಎಲ್ ಪಡಿತರ ಚೀಟಿ. ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಅದರಲ್ಲಿ ಎಷ್ಟು ಬಳಕೆಯಾಗಿದೆ ಎಂಬ ಒಂದು ಸಾಲೂ ನಮ್ಮ ಕೈಯಲ್ಲಿಲ್ಲ.

ಮೊನ್ನೆ ಕೌಂಟರಿನಲ್ಲಿದ್ದವರು, "ಮಿತಿ ಮುಗಿಯುತ್ತಾ ಬಂದಿದೆ, ಮುಂದಿನ ಸಲ ಹಣ ತನ್ನಿ" ಎಂದರು. ಲೆಕ್ಕ ತೋರಿಸಿ ಎಂದರೆ ಕಂಪ್ಯೂಟರ್ ಪರದೆಯನ್ನು ತಮ್ಮತ್ತ ತಿರುಗಿಸಿಕೊಂಡರು. ಅಮ್ಮ ಬೆಂಚಿನ ಮೇಲೆ ಕುಳಿತು, ಕೂದಲು ಉದುರಿದ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. "ಸಾಕು ಬಿಡು, ಮನೆಗೆ ಹೋಗೋಣ" ಎಂದರು. ಆ ಮಾತು ನನ್ನನ್ನು ಮಲಗಲು ಬಿಡುತ್ತಿಲ್ಲ.

ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಬಳಕೆಯ ವಿವರವನ್ನು ಯಾರಾದರೂ ಲಿಖಿತವಾಗಿ ಪಡೆದಿದ್ದೀರಾ? ಯೋಜನೆಯ ರೋಗಿಗಳ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕೇಳಿದರೆ ಸಾಕೇ, ಅಥವಾ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕೇ? ಕೇಳುತ್ತಿರುವುದು ದಾನವಲ್ಲ, ನಮ್ಮ ಹಕ್ಕಿನ ಲೆಕ್ಕ. ಐದನೇ ಸುತ್ತು ಬರುವ ಸೋಮವಾರ. ಅನುಭವವಿರುವವರು ದಯವಿಟ್ಟು ಅದಕ್ಕೂ ಮೊದಲೇ ತಿಳಿಸಿ.