ಒಬ್ಬನೇ ಗಿರಾಕಿ, ಎರಡನೇ ಯಂತ್ರ: 2001 ಕಂಡವರು ಯಾರಾದರೂ ಇದ್ದೀರಾ?

ಪೀಣ್ಯದ ಮಗಳು
ನಮ್ಮ ತಂದೆಯವರದು ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕ. ಬ್ರಾಡ್‌ಬ್ಯಾಂಡ್ ರೂಟರ್‌ಗಳ ಹೊರಕವಚ ಮಾಡುತ್ತೇವೆ. ಹತ್ತರಲ್ಲಿ ಎಂಟು ಪಾಲು ಮಾಲು ಒಬ್ಬನೇ ಗಿರಾಕಿಗೆ ಹೋಗುತ್ತದೆ. ಮುಂದಿನ ವರ್ಷ ಆರ್ಡರ್ ಇಮ್ಮಡಿಯಾಗುತ್ತದೆ, ಇನ್ನೊಂದು ಯಂತ್ರ ಹಾಕಿ ಎಂದು ಆತ ಬೆನ್ನು ಹತ್ತಿದ್ದಾನೆ. "ಮನೆಮನೆಗೂ ಇಂಟರ್‌ನೆಟ್ ಬೇಕು, ಬೇಡಿಕೆ ಎಲ್ಲಿಗೆ ಹೋಗುತ್ತದೆ?" ಎನ್ನುತ್ತಾರೆ ಅಪ್ಪ. 2001ರಲ್ಲಿ ಅಮೆರಿಕದ ಬಿಡಿಭಾಗದ ಕಂಪನಿಗಳು ಇದೇ ಮಾತು ನಂಬಿ ಕೆಟ್ಟವಂತೆ. ನಿಜವೇ?

ಹಳೆಯ ಗೋದಾಮು
ನಿಜ. ಆಗ ನಾನು ಅಮೆರಿಕದ ಸ್ಯಾನ್ ಹೋಸೆಯಲ್ಲಿ ಡಿಎಸ್‌ಎಲ್ (ದೂರವಾಣಿ ತಂತಿಯ ಮೇಲೆಯೇ ಬರುವ ಇಂಟರ್‌ನೆಟ್) ಬಿಡಿಭಾಗದ ಕಂಪನಿಯೊಂದರ ದಾಸ್ತಾನು ನೋಡಿಕೊಳ್ಳುತ್ತಿದ್ದೆ. ಆದರೆ ನಿಮ್ಮ ತಂದೆಯವರ ಮಾತೂ ಸುಳ್ಳಲ್ಲ ತಾಯಿ. ಡಿಎಸ್‌ಎಲ್ ಸಂಪರ್ಕಗಳು ಆ ವರ್ಷವೂ ಹೆಚ್ಚಿದವು. ಸತ್ತದ್ದು ಬೇಡಿಕೆಯಲ್ಲ, ನಮಗೆ ಆರ್ಡರ್ ಕೊಡುತ್ತಿದ್ದವರು.

ದೊಡ್ಡ ದೂರವಾಣಿ ಕಂಪನಿಗಳ ತಾಮ್ರದ ತಂತಿಯನ್ನು ಬಾಡಿಗೆಗೆ ಹಿಡಿದು ಡಿಎಸ್‌ಎಲ್ ಕೊಡುತ್ತಿದ್ದ ಹೊಸಬರಲ್ಲಿ ಮೂವರು ಮುಖ್ಯರು: ನಾರ್ತ್‌ಪಾಯಿಂಟ್, ರಿದಮ್ಸ್, ಕೋವ್ಯಾಡ್. ಅವರ ಸಂಸಾರ ನಡೆಯುತ್ತಿದ್ದುದು ಗಳಿಕೆಯಿಂದಲ್ಲ, ಸಾಲದಿಂದ. 2000ರ ನವೆಂಬರಿನಲ್ಲಿ ದೊಡ್ಡ ದೂರವಾಣಿ ಕಂಪನಿ ವೆರೈಝನ್ ಜೊತೆ ನಾರ್ತ್‌ಪಾಯಿಂಟ್‌ನ ವಿಲೀನದ ಮಾತು ಮುರಿಯಿತು, ಜನವರಿಯಲ್ಲಿ ನಾರ್ತ್‌ಪಾಯಿಂಟ್ ದಿವಾಳಿ. ಇನ್ನೊಂದು ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿ 13.5 ಕೋಟಿ ಡಾಲರಿಗೆ ಅದರ ಆಸ್ತಿಯನ್ನಷ್ಟೇ ಕೊಂಡು ಗ್ರಾಹಕರನ್ನು ಕೈಬಿಟ್ಟಿತು. ಸುಮಾರು ಒಂದು ಲಕ್ಷ ಸಂಪರ್ಕಗಳು ಕಡಿದುಹೋದವು. ಆಗಸ್ಟಿನಲ್ಲಿ ಉಳಿದಿಬ್ಬರೂ ದಿವಾಳಿ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲೇರಿದರು. ಕೋವ್ಯಾಡ್ ಮಾತ್ರ ಹೇಗೋ ಎದ್ದು ಬಂತು.

ಇವರಿಗೆ ದೂರವಾಣಿ ವಿನಿಮಯ ಕೇಂದ್ರದ ಉಪಕರಣ ಮಾರುತ್ತಿದ್ದ ನಮ್ಮ ಗಿರಾಕಿ ಕಾಪರ್ ಮೌಂಟನ್ ಕಂಪನಿ ಕುಸಿಯಿತು. ಗ್ರಾಹಕರು ದೊಡ್ಡ ದೂರವಾಣಿ ಕಂಪನಿಗಳತ್ತ ನಡೆದರು. ಅವುಗಳಲ್ಲೊಂದಾದ ಎಸ್‌ಬಿಸಿ ಉಪಕರಣವನ್ನು ಅಲ್ಕಾಟೆಲ್ ಎಂಬ ಬೇರೆ ತಯಾರಕರಿಂದ ಕೊಳ್ಳುತ್ತಿತ್ತು. ಅಲ್ಕಾಟೆಲ್‌ಗೆ ಬಿಡಿಭಾಗ ಕೊಡುವವರ ಪಟ್ಟಿಯಲ್ಲಿ ನಮ್ಮ ಹೆಸರೇ ಇರಲಿಲ್ಲ!

ಇನ್ನೊಂದು ಮೋಸವಿತ್ತು. 2000ರಲ್ಲಿ ಬಿಡಿಭಾಗಗಳಿಗೆ ಬರ. ನೂರು ಬೇಕಾದವನು ನಮಗೂ ನೂರು ಬರೆಯುತ್ತಿದ್ದ, ಪಕ್ಕದವನಿಗೂ ನೂರು. ಮೊದಲು ಕೊಟ್ಟವನದನ್ನು ಇಟ್ಟುಕೊಂಡು ಇನ್ನೊಂದನ್ನು ರದ್ದು ಮಾಡುತ್ತಿದ್ದ. ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋದಂಥ ದೈತ್ಯನೇ 2001ರಲ್ಲಿ ಸುಮಾರು 220 ಕೋಟಿ ಡಾಲರಿನ ದಾಸ್ತಾನನ್ನು ನಷ್ಟದ ಖಾತೆಗೆ ಬರೆದ. ನಮ್ಮಲ್ಲಿ ಅಡಿಕೆ ಗಾತ್ರದ ಟ್ರಾನ್ಸ್‌ಫಾರ್ಮರ್‌ಗಳು ಮಾಡಿನವರೆಗೆ ಪೇರಿಸಿದ್ದವು. ಎಣಿಸಿ ಕೊಂಡದ್ದನ್ನು ತೂಗಿ ಮಾರಿದೆ. ಗುಜರಿಯವನು ತಾಮ್ರಕ್ಕಷ್ಟೇ ಬೆಲೆ ಕಟ್ಟಿದ.

ನಿಮ್ಮ ಗಿರಾಕಿ ಯಾರಿಗೆ ಮಾರುತ್ತಾನೆ, ಅವರು ಯಾರ ದುಡ್ಡಿನಿಂದ ಕೊಳ್ಳುತ್ತಾರೆ? ಅದನ್ನು ಕೇಳಿ.

ಎರಡನೇ ಹಂತ
ನಾನೂ ಪೀಣ್ಯದವನೇ. ಅಷ್ಟು ದೂರ ಹೋಗುವ ಮೊದಲು ಕೈಯಲ್ಲಿರುವ ಕಾಗದ ನೋಡಿ. ಡೈ, ಅಂದರೆ ಕವಚದ ಅಚ್ಚು, ಯಾರ ಖರ್ಚಿನದು? ಆರ್ಡರ್ ರದ್ದಾದರೆ ತರಿಸಿಟ್ಟ ಪ್ಲಾಸ್ಟಿಕ್ಕಿನ ಹಣ ಯಾರು ಕೊಡುತ್ತಾರೆ? ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ಇದ್ದರೆ 45 ದಿನಗಳೊಳಗೆ ಹಣ ಕೊಡಬೇಕೆಂಬ ಕಾನೂನಿದೆ, ಆದರೆ ಗಿರಾಕಿಯೇ ಮುಳುಗಿದ ಮೇಲೆ ಕಾನೂನು ಹಿಡಿದು ಏನು ಮಾಡುತ್ತೀರಿ?

ಪೀಣ್ಯದ ಮಗಳು
ಇಬ್ಬರಿಗೂ ವಂದನೆ. ನಿನ್ನೆ ರಾತ್ರಿ ಅಪ್ಪನೊಂದಿಗೆ ಕಡತ ತೆಗೆದು ಕುಳಿತೆ. ಇಮ್ಮಡಿ ಆರ್ಡರ್ ಎಂಬುದು ಬರೀ ಒಂದು ಇಮೇಲ್. "ಅಂದಾಜು" ಎಂದು ಬರೆದಿದ್ದಾರೆ, ಸಹಿಯಿಲ್ಲ. ಡೈ ನಮ್ಮದೇ ಖರ್ಚು. ಶುಕ್ರವಾರ ಯಂತ್ರಕ್ಕೆ ಮುಂಗಡ ಕೊಡಬೇಕಿತ್ತು. ಅಪ್ಪ ಚೆಕ್ ಪುಸ್ತಕವನ್ನು ಬೀರುವಿನಲ್ಲಿಟ್ಟು, ಮಾತಾಡದೆ ಊಟಕ್ಕೆ ಕುಳಿತರು.