‘ಸಮಾಧಾನ ಮಾಡಿಕೊಳ್ಳಿ’: ಇಲ್ಲಿ ‘ಕೊಳ್ಳು’ ಬೇಕಾ?

ಗೆಳೆಯರೇ,

ತೀರಾ ನೊಂದವರ ಜೊತೆ ಫೋನಿನಲ್ಲಿ ಮಾತಾಡುವ ಸ್ವಯಂಸೇವಕರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಸಂಕಟದಲ್ಲಿರುವವರಿಗೆ ನಾವು ಸಾಮಾನ್ಯವಾಗಿ ಏನು ಹೇಳುತ್ತೇವೆ ಎಂದು ಬರೆದಿಟ್ಟುಕೊಂಡೆ. ‘ಸಮಾಧಾನ ಮಾಡಿಕೊಳ್ಳಿ’, ‘ಧೈರ್ಯ ತಂದುಕೊಳ್ಳಿ’, ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’, ‘ತಲೆಗೆ ಹಚ್ಚಿಕೊಳ್ಳಬೇಡಿ’. ಎಲ್ಲದರಲ್ಲೂ ‘ಕೊಳ್ಳು’ ಇದೆ. ಅಂದರೆ ಮಾಡಬೇಕಾದ್ದೆಲ್ಲ ನೊಂದವರೇ ಮಾಡಬೇಕು. ಎದ್ದು ಕೂರಲೂ ಆಗದವರಿಗೆ ಇನ್ನೊಂದು ಕೆಲಸ ಹೇಳಿದ ಹಾಗಾಯಿತು.

ಆದರೆ ನೋವು ಹೇಳುವಾಗ ಕನ್ನಡ ಹೀಗಿಲ್ಲ. ‘ನನಗೆ ಭಯ ಆಗ್ತಿದೆ’, ‘ನನಗೆ ಅಳು ಬರ್ತಿದೆ’, ‘ನನಗೆ ಸಾಕಾಗಿದೆ’ ಅನ್ನುತ್ತೇವೆ. ‘ನಾನು’ ಅಲ್ಲ, ‘ನನಗೆ’. ಭಯ ಆಗುತ್ತದೆ, ಅಳು ಬರುತ್ತದೆ. ಯಾರೂ ಬೇಕೂಂತ ಮಾಡುವುದಲ್ಲ. ಇದು ನಮ್ಮ ವ್ಯಾಕರಣದಲ್ಲೇ ಇದೆ. ಹಾಗಿದ್ದೂ ಸಂತೈಸಲು ಹೊರಟ ಕೂಡಲೇ ಆ ‘ಗೆ’ ಬಿಟ್ಟು ‘ಕೊಳ್ಳು’ ಹಿಡಿಯುತ್ತೇವೆ.

ಹಾಗಾಗಿ ಉತ್ತರವನ್ನೂ ‘ಗೆ’ ಇಟ್ಟೇ ಕೊಡಬಹುದು ಅನ್ನಿಸಿತು. ‘ನಿಮಗೆ ತುಂಬಾ ಸಂಕಟ ಆಗ್ತಿದೆ ಅಲ್ವಾ?’, ‘ಎಷ್ಟು ದಿನದಿಂದ ಹೀಗನ್ನಿಸ್ತಿದೆ?’ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಹಾಗೆ ಅನ್ನಿಸಬಾರದು ಎಂದು ನೊಂದವರಿಗೆ ಹೇಳಬೇಡಿ ಎಂಬ ಎಚ್ಚರಿಕೆ ಅದರಲ್ಲೂ ಇದೆ.

ಸಾವಿನ ಮಾತು ಬಂದಾಗ ಇದು ಇನ್ನೂ ಮುಖ್ಯ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಕೇಳಿದರೆ ಎಷ್ಟೋ ಸಲ ಅವರಿಗೆ ನಿರಾಳವಾಗುತ್ತದೆ. ಆದರೆ ‘ಆತ್ಮಹತ್ಯೆ ಮಾಡಿಕೊಳ್ಳಬೇಕು ಅಂತಿದ್ದೀರಾ?’ ಎಂದರೆ ಪೊಲೀಸರು ವಿಚಾರಿಸಿದ ಹಾಗೆ ಕೇಳಿಸುತ್ತದೆ. ಆ ಪದದಲ್ಲೇ ‘ಹತ್ಯೆ’ ಇದೆ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ಕೇಳಿದರೆ ಪ್ರಶ್ನೆ ಅಷ್ಟೇ ನೇರ, ತಪ್ಪು ಹೊರಿಸಿದ ಹಾಗಿಲ್ಲ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡದೆ, ಹತ್ತಿರದವರಿಗೋ ವೈದ್ಯರಿಗೋ ಕೂಡಲೇ ತಿಳಿಸಲೇಬೇಕು.

‘ಕೊಳ್ಳು’ ಎಲ್ಲೂ ಬೇಡ ಎನ್ನುತ್ತಿಲ್ಲ. ‘ಹೇಳಿ’ ಎಂದರೆ ನನಗೆ ವಿಷಯ ತಿಳಿಯಬೇಕು ಎಂದಾಗುತ್ತದೆ. ‘ಹೇಳಿಕೊಳ್ಳಿ’ ಎಂದರೆ ನಿಮ್ಮ ಮನಸ್ಸು ಹಗುರಾಗಲಿ ಎಂದು. ‘ತೋಡಿಕೊಳ್ಳಿ’ ಕೂಡ ಹಾಗೇ. ಅದೇ ‘ಕೊಳ್ಳು’ ಇಲ್ಲಿ ಎಷ್ಟು ಮೃದುವಾಗಿದೆ!

ಈಗ ನನ್ನ ಪ್ರಶ್ನೆಗಳು. ನೊಂದವರಿಗೆ ಆಸರೆಯಾಗುವ ಈ ಕೆಲಸಕ್ಕೆ ಕೈಪಿಡಿಯಲ್ಲಿ ಯಾವ ಪದ ಬಳಸಲಿ? ‘ಸಾಂತ್ವನ’ ಪತ್ರಿಕೆಯ ಪದವಾಗಿದೆ, ಎದುರಿಗಿರುವವರಿಗೆ ಯಾರೂ ಹಾಗೆ ಹೇಳುವುದಿಲ್ಲ. ‘ಅನುಕಂಪ’ ಮೇಲೆ ನಿಂತು ಕೆಳಗೆ ನೋಡಿದ ಹಾಗೆ ಕೇಳಿಸುತ್ತದೆ. ‘ಒತ್ತಾಸೆ’ ನನಗೆ ಇಷ್ಟ, ಆದರೆ ಅದು ನೊಂದವರಿಗಿಂತ ಏನಾದರೂ ಮಾಡಹೊರಟವರಿಗೆ ಜಾಸ್ತಿ ಹೊಂದುತ್ತದೆ ಅಲ್ವಾ? ‘ಸಂತೈಸು’ ನಿಮ್ಮ ಮನೆಮಾತಿನಲ್ಲಿ ಇನ್ನೂ ಇದೆಯಾ, ಅಥವಾ ಬರಹದಲ್ಲಿ ಮಾತ್ರವಾ?

ಇನ್ನೊಂದು. ‘ನಾನಿದ್ದೀನಿ’ ಒಳ್ಳೆಯ ಮಾತು. ಆದರೆ ಅಪರಿಚಿತರಿಗೆ ಫೋನಿನಲ್ಲಿ ಹೇಳಿದರೆ ಉಳಿಸಿಕೊಳ್ಳಲಾಗದ ಭಾಷೆ ಕೊಟ್ಟಂತೆ. ಸದ್ಯಕ್ಕೆ ‘ಆತುರ ಇಲ್ಲ, ಕೇಳ್ತಾ ಇದ್ದೀನಿ’ ಎಂದು ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ಮಾತನ್ನು ನಿಮ್ಮ ಕಷ್ಟದ ಹೊತ್ತಿನಲ್ಲಿ ಯಾರಾದರೂ ಹೇಳಿದ್ದರೆ, ಅವರು ಹೇಳಿದ ಹಾಗೇ ಬರೆದು ಕಳಿಸಿ.