ಎನ್‌ಬಿಎ ಆಟಗಾರರು ಅಂದ್ರೆ ರೌಡಿಗಳು ಅನ್ನೋ ಇಮೇಜ್ ಬಂದಿದ್ದು ಹೇಗೆ?

ಮಂಜ_ಥ್ರೀಪಾಯಿಂಟರ್:
ಗುರುಗಳೇ ಒಂದು ಡೌಟು. ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗು) ಟೀಮುಗಳಾದ ಪೇಸರ್ಸ್-ಪಿಸ್ಟನ್ಸ್ ಮಧ್ಯೆ 2004ರಲ್ಲಿ ಆದ ಗಲಾಟೆ ವಿಡಿಯೋ ಮೊನ್ನೆ ಪೂರ್ತಿ ನೋಡ್ದೆ, ನವೆಂಬರ್ 19ದು, ಡೆಟ್ರಾಯಿಟ್ ಹತ್ರ ಆಬರ್ನ್ ಹಿಲ್ಸ್ ಅಲ್ಲಿ. ಮ್ಯಾಚ್ ಮುಗಿಯೋಕೆ ಒಂದು ನಿಮಿಷಾನೂ ಇಲ್ಲ, ಪೇಸರ್ಸ್ 15 ಪಾಯಿಂಟ್ ಮುಂದೆ ಇದಾರೆ, ಬೇಕಿಲ್ದೆ ಇದ್ರೂ ಅವ್ರ ರಾನ್ ಆರ್ಟೆಸ್ಟ್ ಒಂದು ಜೋರು ಫೌಲ್ ಮಾಡ್ತಾನೆ, ಪಿಸ್ಟನ್ಸ್‌ನ ಬೆನ್ ವಾಲೇಸ್ ಎರಡೂ ಕೈಲಿ ಅವನನ್ನ ತಳ್ತಾನೆ, ಆಮೇಲೆ ಈ ಆರ್ಟೆಸ್ಟ್ ಹೋಗಿ ಸ್ಕೋರರ್ಸ್ ಟೇಬಲ್ ಮೇಲೆ ಮಲ್ಕೋತಾನೆ (ಯಾಕೆ ಅಂತ ಆ ದೇವರಿಗೇ ಗೊತ್ತು), ಆಗ ಸ್ಟ್ಯಾಂಡಿಂದ ಒಂದು ಕಪ್ ಹಾರಿ ಬಂದು ಅವನ ಮೇಲೆ ಬೀಳುತ್ತೆ, ಅಲ್ಲಿಂದ ಸೀದಾ ಜನರ ಮಧ್ಯೆ ನುಗ್ಗಿ ಕಪ್ ಎಸೆದವನನ್ನ ಬಿಟ್ಟು ಬೇರೆ ಯಾರನ್ನೋ ಹಿಡ್ಕೋತಾನೆ.

ಅದೆಲ್ಲ ಸರಿ. ಕೆಳಗೆ ಕಾಮೆಂಟ್ಸ್ ನೋಡಿದ್ರೆ ಎಲ್ಲಾ "ಇವ್ರ ಬುದ್ಧಿನೇ ಇಷ್ಟು" ಅಂತ. ಒಬ್ಬ ಆರ್ಟೆಸ್ಟ್ ಮಾಡಿದ್ದಕ್ಕೆ ಇಡೀ ಲೀಗಿಗೆ ಹೆಸರು ಬಂತಲ್ಲ, ಕಪ್ಪು ಆಟಗಾರರು ಜಾಸ್ತಿ ಇರೋದಕ್ಕಾ, ಅಥ್ವಾ ನಿಜವಾಗ್ಲೂ ಅಲ್ಲಿ ಹೊಡೆದಾಟ ಜಾಸ್ತಿನಾ?

ಮಿಶಿಗನ್_ಮಾವ:
ಹೊಡೆದಾಟ ನೋಡ್ಬೇಕಾ, ಐಸ್ ಹಾಕಿ ನೋಡಪ್ಪ. ಅಲ್ಲಿ ಗ್ಲೌಸ್ ಬಿಸಾಕಿ ಮುಖಕ್ಕೆ ಗುದ್ದಾಡಿದ್ರೆ ಐದು ನಿಮಿಷ ಹೊರಗೆ ಕೂರಿಸಿ ವಾಪಸ್ ಆಡೋಕೆ ಬಿಡ್ತಾರೆ, ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ಆಡೋರು ಹೆಚ್ಚುಕಮ್ಮಿ ಎಲ್ಲಾ ಬಿಳಿಯರು. 1979ರ ಡಿಸೆಂಬರಲ್ಲಿ ಬಾಸ್ಟನ್ ಬ್ರೂಯಿನ್ಸ್ ಟೀಮು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅಲ್ಲಿ ಹಿಂಗೇ ಸ್ಟ್ಯಾಂಡಿಗೆ ನುಗ್ಗಿತ್ತು. ಮೈಕ್ ಮಿಲ್ಬರಿ ಅನ್ನೋನು ಪ್ರೇಕ್ಷಕನ ಕಾಲಿಂದ ಶೂ ಕಿತ್ತು ಅದ್ರಲ್ಲೇ ಅವನಿಗೆ ಬಾರಿಸ್ದ. ಸಿಕ್ಕ ಶಿಕ್ಷೆ 6 ಮ್ಯಾಚು! ಆಮೇಲೆ ಕೋಚ್ ಆದ, ಟೀಮಿನ ಮ್ಯಾನೇಜರ್ ಆದ, ಟಿವಿ ಕಾಮೆಂಟೇಟರೂ ಆದ, ಆ ಶೂ ಕಥೆ ಇವತ್ತಿಗೂ ನಗ್ತಾ ಹೇಳ್ತಾರೆ. ಆರ್ಟೆಸ್ಟಿಗೆ ಪ್ಲೇಆಫ್ ಸೇರಿ 86 ಮ್ಯಾಚ್ ಹೋಯ್ತು, ಹೆಸರೂ ಹೋಯ್ತು.

ಕಡ್ಡಿ_ಮುರಿದಂಗೆ:
ಮಾವ, 79ಕ್ಕೂ 2004ಕ್ಕೂ 25 ವರ್ಷ ಗ್ಯಾಪ್ ಇದೆ, ಬೇರೆ ಆಟ ಬೇರೆ ಲೀಗು, ಅದನ್ನ ಇದರ ಪಕ್ಕ ಇಟ್ಟು ರೇಸಿಸಂ ಅಂದ್ಬಿಟ್ರೆ ಹೆಂಗೆ? ಆರ್ಟೆಸ್ಟ್ ಅದಕ್ಕಿಂತ ಮುಂಚೆನೂ ಸಸ್ಪೆಂಡ್ ಆಗಿದ್ದವನು. 1977ರಲ್ಲಿ ಎನ್‌ಬಿಎ ಮ್ಯಾಚಲ್ಲೇ ಕರ್ಮಿಟ್ ವಾಷಿಂಗ್ಟನ್ ಅನ್ನೋ ಕಪ್ಪು ಆಟಗಾರ ಒಂದೇ ಒಂದು ಗುದ್ದು ಕೊಟ್ಟಿದ್ದಕ್ಕೆ ಎದುರಾಳಿ ರೂಡಿ ಟೊಮ್ಜಾನೊವಿಚ್ ಸಾಯೋ ಸ್ಥಿತಿಗೆ ಹೋಗಿದ್ದ, ಮುಖದ ಮೂಳೆಗಳೇ ಪುಡಿ. ಅದಕ್ಕೆ 60 ದಿನ ಸಸ್ಪೆನ್ಷನ್ ಕೊಟ್ರೆ ಅದೂ ಬಣ್ಣ ನೋಡಿ ಕೊಟ್ಟಿದ್ದು ಅಂತೀರಾ? ಶಿಕ್ಷೆ ಜಾಸ್ತಿ ಆಯ್ತು ಅಂದ ತಕ್ಷಣ ಭೇದಭಾವ ಪ್ರೂವ್ ಆಗಲ್ಲ.

ಬೆಂಚ್_ವಾರ್ಮರ್:
@ಕಡ್ಡಿ ಶಿಕ್ಷೆ ವಿಷ್ಯ ಒಪ್ಪಿದೆ. ವಾಷಿಂಗ್ಟನ್‌ಗೆ ಕೊಟ್ಟಿದ್ದು ಜಾಸ್ತಿ ಅಂತ ನಂಗೂ ಅನ್ಸಲ್ಲ. ಆದ್ರೆ ಮಂಜ ಕೇಳಿದ್ದು ಹೆಸರು ಯಾರ ತಲೆಗೆ ಕಟ್ಟಿದ್ರು ಅಂತ ಅಲ್ವಾ. ಬೇರೆ ಆಟ ಬೇಡ, ಎನ್‌ಬಿಎದೇ ತಗೋ. 1984ರ ಫೈನಲ್ಸ್ ನಾಲ್ಕನೇ ಮ್ಯಾಚಲ್ಲಿ ಬಾಸ್ಟನ್ನಿನ ಕೆವಿನ್ ಮೆಕ್‌ಹೇಲ್, ಲೇಕರ್ಸ್‌ನ ಕರ್ಟ್ ರ‍್ಯಾಂಬಿಸ್ ಓಡಿಬಂದು ಗಾಳಿಯಲ್ಲಿರ್ಬೇಕಾದ್ರೆ ಕುತ್ತಿಗೆಗೆ ಕೈ ಕೊಟ್ಟು ನೆಲಕ್ಕೆ ಕೆಡವಿದ. ಇಬ್ರೂ ಬಿಳಿಯರು. ಮ್ಯಾಚಿಂದ ಆಚೆನೂ ಕಳಿಸಲಿಲ್ಲ. ಇವತ್ತಿಗೂ ಅದನ್ನ ಸೀರೀಸ್ ತಿರುಗಿಸಿದ ಗಂಡೆದೆ ಆಟ ಅಂತ ತೋರಿಸ್ತಾರೆ, ಅದನ್ನ ನೋಡಿ ಬಿಳಿ ಆಟಗಾರರೆಲ್ಲ ಹಿಂಗೇ ಅಂತ ಯಾರೂ ಬರೀಲಿಲ್ಲ.

ಆಬರ್ನ್ ಹಿಲ್ಸ್ ಆದ್ಮೇಲೆ ಏನಾಯ್ತು? ಸ್ಟೇಡಿಯಂಲಿ ಬಿಯರ್ ಮಾರೋದಕ್ಕೆ ಮಿತಿ ಹಾಕಿದ್ರು, ಅದು ನ್ಯಾಯ. ಆದ್ರೆ ಮುಂದಿನ ಅಕ್ಟೋಬರಲ್ಲಿ ಲೀಗಿನ ಕಮಿಷನರ್ ಡೇವಿಡ್ ಸ್ಟರ್ನ್ ಡ್ರೆಸ್ ಕೋಡ್ ತಂದ್ರು, ಶರ್ಟ್ ಮೇಲೆ ಚೈನ್ ಹಾಕ್ಬಾರ್ದು, ತಲೆಗೆ ಡೂರ‍್ಯಾಗ್ (ಕಪ್ಪು ಯುವಕರು ಹೆಚ್ಚಾಗಿ ಕಟ್ಟೋ ಬಟ್ಟೆ) ಕಟ್ಬಾರ್ದು ಅಂತ. ಆ ಗಲಾಟೆಲಿದ್ದೋರೆಲ್ಲ ಜರ್ಸಿ ಹಾಕ್ಕೊಂಡಿದ್ರು ಸ್ವಾಮಿ, ಚೈನ್ ಎಲ್ಲಿಂದ ಬಂತು ಮಧ್ಯಕ್ಕೆ? ಆಟಗಾರ ಐವರ್ಸನ್ ಬಹಿರಂಗವಾಗೇ ವಿರೋಧಿಸಿದ, ಪೇಸರ್ಸ್‌ನ ಸ್ಟೀಫನ್ ಜಾಕ್ಸನ್ ಇದು ಕಪ್ಪು ಆಟಗಾರರನ್ನ ಗುರಿ ಮಾಡಿದ್ದು ಅಂತ ನೇರವಾಗೇ ಹೇಳಿದ.

ಕಡ್ಡಿ_ಮುರಿದಂಗೆ:
ಡ್ರೆಸ್ ಕೋಡ್ ಪಾಯಿಂಟ್ ಬಲವಾಗಿದೆ, ಅದಕ್ಕೆ ನನ್ಹತ್ರ ಉತ್ತರ ಇಲ್ಲ. ಆದ್ರೂ ಇವೆಲ್ಲ ಬಿಡಿ ಬಿಡಿ ಘಟನೆಗಳು, ಡೇಟಾ ಇದ್ರೆ ಕೊಡಿ.

ಬೆಂಚ್_ವಾರ್ಮರ್:
ಇದೆ. ಜೋಸೆಫ್ ಪ್ರೈಸ್, ಜಸ್ಟಿನ್ ವೋಲ್ಫರ್ಸ್ ಅಂತ ಇಬ್ರು ಎಕನಾಮಿಸ್ಟುಗಳು 1991ರಿಂದ 2004ರವರೆಗಿನ ಮ್ಯಾಚ್‌ಗಳನ್ನ ಇಟ್ಕೊಂಡು ಲೆಕ್ಕ ಹಾಕಿದ್ರು. ಮೂರು ಜನ ರೆಫರಿಗಳು ಯಾವ ಬಣ್ಣದವರು ಅನ್ನೋದರ ಮೇಲೆ ಆಟಗಾರನಿಗೆ ಬೀಳೋ ಫೌಲ್ ಹೆಚ್ಚುಕಮ್ಮಿ ಆಗ್ತಿತ್ತು, ಬೇರೆ ಬಣ್ಣದ ರೆಫರಿಗಳಿದ್ರೆ ಸುಮಾರು 4 ಪರ್ಸೆಂಟ್‌ವರೆಗೂ ಜಾಸ್ತಿ. ಎರಡೂ ಕಡೆಗೆ ಅನ್ವಯ, ಕಪ್ಪು ಆಟಗಾರರಿಗೆ ಮಾತ್ರ ಅಂತಲ್ಲ. 2007ರಲ್ಲಿ ಪೇಪರಲ್ಲೆಲ್ಲ ಬಂದಾಗ ಲೀಗು ಒಪ್ಪಲೇ ಇಲ್ಲ. ಮಜಾ ಏನಂದ್ರೆ ಅದೇ ಗುಂಪು ಇನ್ನೊಬ್ಬರ ಜೊತೆ ಸೇರಿ ಆಮೇಲಿನ ಸೀಸನ್‌ಗಳನ್ನ ಮತ್ತೆ ನೋಡಿದಾಗ ಆ ವ್ಯತ್ಯಾಸ ಮಾಯ ಆಗಿತ್ತು, ಸುದ್ದಿ ಆಗಿದ್ದಕ್ಕೇ ರೆಫರಿಗಳು ಹುಷಾರಾದ್ರು ಅಂತ ಅವ್ರ ಅಂದಾಜು.

ಇದು ಫೌಲ್ ಲೆಕ್ಕ ಅಷ್ಟೇ. ಟಿವಿ ಸ್ಟುಡಿಯೋಲಿ ಕೂತು ಮಾತಾಡೋರಿಗೆ ಇದು ಅನ್ವಯ ಆಗಲ್ಲ, ಅದಕ್ಕೆ ಬೇರೆ ಸ್ಟಡಿ ಬೇಕು.

ಮಂಜ_ಥ್ರೀಪಾಯಿಂಟರ್:
ಥ್ಯಾಂಕ್ಸ್ ಎಲ್ರಿಗೂ. ಮೆಕ್‌ಹೇಲ್ ಕ್ಲಿಪ್ ಈಗ ನೋಡ್ದೆ, ಇವತ್ತಿನ ರೂಲ್ಸ್ ಆಗಿದ್ರೆ ಎರಡು ಮ್ಯಾಚಾದ್ರೂ ಮನೇಲಿ ಕೂರಿಸ್ತಿದ್ರು. ಆ ಎಕನಾಮಿಸ್ಟುಗಳ ಪೇಪರ್ ಫ್ರೀಯಾಗಿ ಸಿಗುತ್ತಾ ಯಾರಿಗಾದ್ರೂ ಗೊತ್ತಾ?